ಗೊಂಬೆಯ ನಾಮಕರಣಕ್ಕೆ ಕರೆ

“ವೇದಿಕೆಯ ಮೇಲಿರುವ ಗಣ್ಯರೇ, ತಾಯಂದಿರೇ, ಮುದ್ದು ಮಕ್ಕಳೇ. ಮಕ್ಕಳು ಅಂದರೆ ಯಾರು? ಮಕ್ಕಳು ಅಂದರೆ ಏನೂ ಗೊತ್ತಿಲ್ಲದವರು. ಅವರಿಗೆ ಎಲ್ಲವನ್ನೂ ಕಲಿಸಬೇಕಾದವರು ಯಾರು? ನಾವು, ದೊಡ್ಡವರು. ಹೇಗೆ ಕೂರಬೇಕು, ಹೇಗೆ ನಿಲ್ಲಬೇಕು, ಯಾರನ್ನು ಕಂಡರೆ ಕೈ ಮುಗಿಯಬೇಕು, ಒಬ್ಬರ ಮನೆಗೆ ಹೋದರೆ ಹೇಗೆ ಹೋಗಬೇಕು, ಒಬ್ಬರನ್ನು ಮನೆಗೆ ಕರೆದರೆ ಹೇಗೆ ಕರೆಯಬೇಕು, ಇದನ್ನೆಲ್ಲ ಮಕ್ಕಳು ನಮ್ಮನ್ನು ನೋಡಿ ಕಲಿಯಬೇಕು. ಬೇರೆಯವರ ಮಾತು ಯಾಕೆ, ನನ್ನನ್ನೇ ತೆಗೆದುಕೊಳ್ಳಿ. ಇಷ್ಟು ವಯಸ್ಸಾಯಿತು. ಇವತ್ತಿನವರೆಗೂ ಒಬ್ಬರ ಮನಸ್ಸು ನೋಯಿಸಿದವನಲ್ಲ, ಒಬ್ಬರ ಜೊತೆ ಮಾತು ಬಿಟ್ಟವನಲ್ಲ...”

ಸೊಣ್ಣಮ್ಮ: ಅಲ್ಲೊಸಿ ನಿಲ್ಸಿ. ಮೆತ್ತಗೆ ಅನ್ನಿ, ಪಕ್ಕದ ಗೋಡೆಗೆ ಕೇಳಿಸ್ಬುಟ್ರೆ ನಗಾಡ್ತದೆ.

ಮುನಿಕೃಷ್ಣಪ್ಪ: ಲೇ, ರೆಕಾರ್ಡ್ ಆಯ್ತಾ ಐತೆ ಕಣೇ! ಮಧ್ಯಕ್ಕೆ ಬಾಯಿ ಆಕ್ಬೇಡ.

ಸೊಣ್ಣಮ್ಮ: ಆಗ್ಲಿ ಬುಡಿ. ಸುಳ್ಳು ಒಂದೇ ಯಾಕೆ ರೆಕಾರ್ಡ್ ಆಗ್ಬೇಕು, ಜೊತೆಗೆ ಒಸಿ ನಿಜಾನೂ ಆಗ್ಲಿ.

ರಾಜಾನುಕುಂಟೆಯ ಹಳೇ ಊರಿನ ಆ ಮನೆಯ ಪಡಸಾಲೆಯಲ್ಲಿ ಮುನಿಕೃಷ್ಣಪ್ಪ ಬೆಳಗ್ಗೆಯಿಂದ ಭಾಷಣ ಮಾಡುತ್ತಿದ್ದ. ಮೇಲೆ ಇಸ್ತ್ರಿ ಮಾಡಿದ ಬಿಳಿ ಶರಟು, ಕೆಳಗೆ ಲುಂಗಿ. ಸಾಯಂಕಾಲ ಹೊಸ ಬಡಾವಣೆಯ ಶಿಶುವಿಹಾರದ ವಾರ್ಷಿಕೋತ್ಸವ, ಅವನೇ ಮುಖ್ಯ ಅತಿಥಿ. ಟೀಚರುಗಳು ಮನೆಗೆ ಬಂದು, ಹಣ್ಣಿನ ತಟ್ಟೆ ಕೈಗಿಟ್ಟು ಕರೆದಿದ್ದರಿಂದ ಎರಡನೇ ಮಾತಿಲ್ಲದೆ ಒಪ್ಪಿಕೊಂಡಿದ್ದ. ಟೀವಿಗೆ ಒರಗಿಸಿದ್ದ ಫೋನು ಅವನ ಮಾತನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಎಲ್‌ಕೆಜಿ ಓದುವ ಮೊಮ್ಮಗಳು ಸಂಯುಕ್ತಾ ಸೌಟನ್ನು ಮೈಕಿನಂತೆ ಎತ್ತಿ ಹಿಡಿದು ನಿಂತಿದ್ದಳು.

ಸೊಣ್ಣಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿದುಕಿ ಬೇಳೆಯನ್ನು ತಟ್ಟೆಗೆ, ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಿದ್ದಳು. ಪ್ರತಿ ವರ್ಷ ಅವರೆ ಕಾಲದಲ್ಲಿ ಪಕ್ಕದ ಮನೆಯ ವಾರಗಿತ್ತಿ ಪಿಳ್ಳಮ್ಮನೂ ಅವಳೂ ಎದುರುಬದುರು ಕೂರುತ್ತಿದ್ದರು. ಕಾಳಿನ ಜೊತೆಗೆ ಊರಿನ ಸುದ್ದಿಯನ್ನೂ ಹಿದುಕುತ್ತ ಹಿದುಕುತ್ತ ಬಕೆಟ್ಟು ಖಾಲಿಯಾದದ್ದೇ ಗೊತ್ತಾಗುತ್ತಿರಲಿಲ್ಲ. ಈ ವರ್ಷ ಅವಳೊಬ್ಬಳೇ. ಆದರೂ ಕೈಗೆ ಅಭ್ಯಾಸ ತಪ್ಪದೆ ಎರಡು ಮನೆಗಾಗುವಷ್ಟು ನೆನೆಹಾಕಿಬಿಟ್ಟಿದ್ದಳು. ಹೆಬ್ಬೆರಳು ಸುಕ್ಕುಗಟ್ಟಿತ್ತು. ಬಕೆಟ್ಟು ಇಳಿಯುವ ಲಕ್ಷಣ ಇರಲಿಲ್ಲ.

ಮುನಿಕೃಷ್ಣಪ್ಪ: ಅಲ್ಲ ಕಣೇ, ನಾನು ಯಾರ ಜೊತೆ ಮಾತು ಬುಟ್ಟಿದೀನಿ?

ಸೊಣ್ಣಮ್ಮ: ಮುನಿಆಂಜಿನಪ್ಪ ಅಂತ ನಿಮಗೊಬ್ಬ ತಮ್ಮ ಅವ್ನೆ. ನಡುವೆ ಒಂದೇ ಗೋಡೆ. ಗುರ್ತು ಸಿಗ್ತಾ?

ಮುನಿಕೃಷ್ಣಪ್ಪ: ಅದು ಮಾತು ಬುಟ್ಟಿದ್ದಲ್ಲ. ಅವನು ಮಾತಾಡ್ಸಿಲ್ಲ, ನಾನು ಉತ್ರ ಕೊಟ್ಟಿಲ್ಲ. ಅಷ್ಟೆ.

ಸೊಣ್ಣಮ್ಮ: ಇದನ್ನೂ ಭಾಷಣಕ್ಕೆ ಸೇರಿಸ್ಕೊಳ್ಳಿ. ಮಕ್ಕಳಿಗೆ ಬಾಳ ಉಪಯೋಗ ಆಯ್ತದೆ.

ಮುನಿಕೃಷ್ಣಪ್ಪ: ಮೊಮ್ಮಗನ ನಾಮಕರಣಕ್ಕೆ ಫೋನಲ್ಲಿ ಕಾರ್ಡ್ ಕಳಿಸ್ದ ಕಣೇ! ಒಡಹುಟ್ಟಿದ ಅಣ್ಣಂಗೆ! ಹಾಲಿನೋನಿಗೂ ಅದೇ ಕಾರ್ಡು, ಕೇಬಲ್‌ನೋನಿಗೂ ಅದೇ ಕಾರ್ಡು, ನಂಗೂ ಅದೇ ಕಾರ್ಡು. ಗೋಡೆ ಸುತ್ಕೊಂಡು ಬಂದು, ಹಣೆಗೆ ಕುಂಕುಮ ಇಟ್ಟು, ಕೈಗೆ ಅಕ್ಷತೆ ಕೊಟ್ಟು, ‘ಬಾರಣ್ಣಾ’ ಅನ್ನೋಕೆ ಅವನಿಗೇನು ರೋಗ? ಕುಂಕುಮ ಇಡ್ದೆ ಕರೆದ್ರೆ ಅದು ಕರೆದಂಗೇ ಅಲ್ಲ!

ಸೊಣ್ಣಮ್ಮ: ಮತ್ತೆ ನಮ್ಮ ಮಾಳಿಗೆ ಮನೆ ಗೃಹಪ್ರವೇಶಕ್ಕೆ ನೀವೇನ್ ಮಾಡಿದ್ರಿ? ನೀವೂ ಫೋನಲ್ಲೇ ಕಳಿಸಿದ್ರಿ.

ಮುನಿಕೃಷ್ಣಪ್ಪ: ಬೇಕು ಅಂತ್ಲೇ ಕಳಿಸ್ದೆ. ಅವನಿಗೆ ಬುದ್ಧಿ ಬರ್ಲಿ ಅಂತ.

ಸೊಣ್ಣಮ್ಮ: ಬಂತಾ?

ಮುನಿಕೃಷ್ಣಪ್ಪ: ಅವನೇ ಬರ್ಲಿಲ್ಲ, ಬುದ್ಧಿ ಎಲ್ಲಿಂದ ಬರ್ತದೆ?

ಸೊಣ್ಣಮ್ಮ: ಈಗ್ಲಾದ್ರೂ ಒಂದ್ ಮಾತು ಕರೀರಿ. ಸಾರು ಎರಡು ಮನೆಗಾಯ್ತದೆ. ಈ ಕಾಳು ನೋಡಿ, ಒಬ್ಳೇ ಇದುಕಿ ಇದುಕಿ ನನ್ ಬೆರಳು ಉಪ್ಪಿನಕಾಯಿ ಆಯ್ತು.

ಮುನಿಕೃಷ್ಣಪ್ಪ: ನಾನು ದೊಡ್ಡೋನು. ಅವನೇ ಮೊದ್ಲು ಬರ್ಬೇಕು.

ಸೊಣ್ಣಮ್ಮ: ಅವನು ಅಂತಾವ್ನಂತೆ, ಅಣ್ಣ ದೊಡ್ಡೋನು, ದೊಡ್ಡೋರೇ ಮೊದ್ಲು ಕರೀಬೇಕು ಅಂತ.

ಮುನಿಕೃಷ್ಣಪ್ಪ: ನಿಂಗ್ಯಾರು ಅಂದ್ರು ಇದನ್ನ?

ಸೊಣ್ಣಮ್ಮ: ಪಿಳ್ಳಮ್ಮ. ಮಾಳಿಗೆ ಮೇಲೆ ಬಟ್ಟೆ ಒಣಗಾಕುವಾಗ.

ಮುನಿಕೃಷ್ಣಪ್ಪ: ಅಂಗಾದ್ರೆ ನೀವಿಬ್ರೂ ಮಾತಾಡ್ತಿದ್ದೀರಾ!

ಸೊಣ್ಣಮ್ಮ: ಎಲ್ಲಿ ಮಾತಾಡ್ತೀವಿ? ಬಟ್ಟೆ ಒಣಗಾಕ್ತೀವಿ. ಅವಳು ಅವಳ ಸೀರೆಗೆ ಅಂತಾಳೆ, ನಾನು ನಿಮ್ ಪಂಚೆಗೆ ಅಂತೀನಿ.

ಅಷ್ಟು ಹೊತ್ತೂ ಸೌಟು ಹಿಡಿದು ನಿಂತಿದ್ದ ಸಂಯುಕ್ತಾಳ ತಾಳ್ಮೆ ಮುಗಿಯಿತು.

ಸಂಯುಕ್ತಾ: ತಾತ, ಕೈ ನೋಯ್ತಿದೆ. ಇವತ್ತು ನನ್ ಗೊಂಬೆಗೆ ನಾಮಕರಣ. ನೀನು ಬಾ.

ಮುನಿಕೃಷ್ಣಪ್ಪ: ಆಮೇಲೆ ಚಿನ್ನ. ತಾತ ಭಾಷಣ ಕಲೀತಾವ್ನೆ.

ಸಂಯುಕ್ತಾ: ಆಮೇಲೆ ಅಲ್ಲ, ಈಗ.

ಮುನಿಕೃಷ್ಣಪ್ಪ: ಶ್! ಫೋನಲ್ಲಿ ರೆಕಾರ್ಡ್ ಆಯ್ತಾ ಐತೆ.

ತಾತನ ಕಿವಿಗಿಂತ ಫೋನಿನ ಕಿವಿ ವಾಸಿ ಅನ್ನಿಸಿರಬೇಕು. ಹುಡುಗಿ ನೇರವಾಗಿ ಅಲ್ಲಿಗೆ ಹೋಗಿ, ಫೋನಿಗೆ ಮೂಗು ತಾಗಿಸಿ ಹೇಳಿದಳು: “ತಾತ, ನಮ್ಮನೇಲಿ ನಾಮಕರಣ. ಬರ್ಬೇಕು. ಊಟ ಇಲ್ಲೇ.”

ಆಮೇಲೆ ಸೌಟನ್ನು ಸೋಫಾದ ಮೇಲಿಟ್ಟು, ಸ್ಟೂಲು ಹತ್ತಿ ದೇವರ ಗೂಡಿನಿಂದ ಕುಂಕುಮದ ಭರಣಿ ತೆಗೆದುಕೊಂಡಳು. ಅಜ್ಜಿಯ ತಟ್ಟೆಯಿಂದ ಹಿಡಿ ಬೇಳೆ ಬಾಚಿ ಫ್ರಾಕಿನ ಜೇಬಿಗೆ ಹಾಕಿದಳು. ಬಾಗಿಲು ದಾಟಿ, ಗೇಟಿನಲ್ಲಿ ಎಡಕ್ಕೆ ತಿರುಗಿದಳು. ಎಡಕ್ಕಿರುವುದು ಒಂದೇ ಮನೆ. ಸೊಣ್ಣಮ್ಮ ನೋಡಿದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಇನ್ನೊಂದು ಕಾಳು ಹಿದುಕಿದಳು.

ಮುನಿಕೃಷ್ಣಪ್ಪ ಗಂಟಲು ಸರಿಮಾಡಿಕೊಂಡು ಮತ್ತೆ ವೇದಿಕೆಯ ಮೇಲಿನ ಗಣ್ಯರಿಂದ ಶುರುಮಾಡಿದ. ಮುದ್ದು ಮಕ್ಕಳಿಗೆ ಏನೂ ಗೊತ್ತಿಲ್ಲ ಅನ್ನುವ ಜಾಗಕ್ಕೆ ಬರುವಷ್ಟರಲ್ಲಿ ಗೇಟು ಕಿರ್ರೆಂದಿತು. ಹೆಗಲ ಮೇಲೆ ಮಡಿಚಿದ ಟವೆಲು ಹಾಕಿಕೊಂಡು ಮುನಿಆಂಜಿನಪ್ಪ ಬಾಗಿಲಲ್ಲಿ ನಿಂತಿದ್ದ. ಹಣೆಯಿಂದ ಮೂಗಿನ ತುದಿಯವರೆಗೂ ಕುಂಕುಮ. ಬಲಗೈ ಮುಷ್ಟಿ ಬಿಗಿಯಾಗಿತ್ತು. ಹಿಂದೆ ಪಿಳ್ಳಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸಂಯುಕ್ತಾ ಇಬ್ಬರ ಪಕ್ಕದಿಂದ ನುಸುಳಿ ಒಳಕೋಣೆಗೆ ಓಡಿದಳು.

ಮುನಿಆಂಜಿನಪ್ಪ: ಅಣ್ಣಾ, ಬಂದೆ.

ಮುನಿಕೃಷ್ಣಪ್ಪ: (ಹೆಂಡತಿಯ ಕಡೆ ತಿರುಗಿ) ನೋಡ್ದಾ? ಬಂದ! (ತಮ್ಮನಿಗೆ) ಬಾ, ಬಾ. ಕೊನೆಗೂ ಬುದ್ಧಿ ಬಂತಲ್ಲ. ಓಗ್ಲಿ ಬುಡು, ನಾನು ಕ್ಷಮಿಸಿದೀನಿ.

ಮುನಿಆಂಜಿನಪ್ಪ: ನೀನು ಕ್ಷಮ್ಸೋದಾ? ಕ್ಷಮಿಸಿ ಬಂದಿರೋನು ನಾನಲ್ವಾ! ಇರ್ಲಿ, ನೀನು ಮನ್ಸು ಮಾಡಿ ಕರೆದ್ಯಲ್ಲ, ಅಷ್ಟು ಸಾಕು.

ಮುನಿಕೃಷ್ಣಪ್ಪ: ಯಾರು ಕರೆದಿದ್ದು?

ಮುನಿಆಂಜಿನಪ್ಪ: ನೀನೇ.

ಮುನಿಕೃಷ್ಣಪ್ಪ: ನಾನು ಬೆಳಗ್ಗಿಂದ ಇಲ್ಲೇ ನಿಂತ್ಕೊಂಡು ಭಾಷಣ ಮಾಡ್ತಿದೀನಿ.

ಮುನಿಆಂಜಿನಪ್ಪ: ಅದೂ ಕೇಳಿಸ್ತು. ಒಬ್ಬರ ಜೊತೆ ಮಾತು ಬುಟ್ಟೋನಲ್ಲ ಅಂದ್ಯಲ್ಲ, ಆಗ ಕಾಫಿ ಕುಡೀತಿದ್ದೆ. ನೆತ್ತಿಗೇರ್ತು.

ಪಿಳ್ಳಮ್ಮ: ಇವ್ರಿನ್ನೂ ಕೆಮ್ತಾನೇ ಇದ್ರು ಬಾವ, ಮಗು ಬಾಗ್ಲಿಗೆ ಬಂತು. ಬಗ್ಗು ಅಂತು, ಬಗ್ಗಿದ್ರು. ಇವ್ರ ಹಣೆಗೆ ಕುಂಕುಮ, ಬಾಗ್ಲಿಗೆ ಕುಂಕುಮ, ಸ್ಕೂಟ್ರಿಗೂ ಕುಂಕುಮ. ಕೈಗೆ ಅವರೆಬೇಳೆ ಕೊಟ್ಟು, ‘ಎಲ್ಲಾರೂ ಬರ್ಬೇಕು, ಊಟ ನಮ್ಮನೇಲೇ’ ಅಂತು.

ಮುನಿಆಂಜಿನಪ್ಪ ಮುಷ್ಟಿ ಬಿಚ್ಚಿ ತೋರಿಸಿದ. ಅಂಗೈಯ ಬೆವರಿಗೆ ಬೇಳೆ ಅಂಟಿಕೊಂಡಿತ್ತು.

ಮುನಿಆಂಜಿನಪ್ಪ: ಅಕ್ಷತೆ ಬದ್ಲು ಅವರೆಬೇಳೆ! ನಂಗೆ ಆಗ್ಲೇ ಗೊತ್ತಾಯ್ತು. ಅಣ್ಣ ಬಾಯಿಬುಟ್ಟು ಕರೆಯೋನಲ್ಲ, ಅತ್ಗೆ ಸಾರು ಮಾಡ್ತಾವ್ರೆ ಬಾ ಅಂತ ಸೂಕ್ಷ್ಮವಾಗಿ ತಿಳಿಸವ್ನೆ ಅಂತ. ಪಿಳ್ಳೀಗೆ ಅಂದೆ, ನಮ್ಮಣ್ಣನ ತಲೆ ನೋಡು ಅಂತ!

ತಲೆಯ ಮಾತಿಗೆ ಮುನಿಕೃಷ್ಣಪ್ಪ ಒಂದು ಗಳಿಗೆ ಹಿಗ್ಗಿದ. ಆ ತಲೆ ತನ್ನದೇ ಎಂದು ಒಪ್ಪಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸೊಣ್ಣಮ್ಮ ಕಣ್ಣಲ್ಲೇ ‘ಹೂಂ ಅನ್ನಿ, ಹೂಂ ಅನ್ನಿ’ ಎಂದಳು. ಅವನಿಗೆ ಕಣ್ಣಿನ ಭಾಷೆ ಯಾವತ್ತು ತಿಳಿದಿತ್ತು?

ಮುನಿಕೃಷ್ಣಪ್ಪ: ನಾನು ಯಾರನ್ನೂ ಕಳಿಸಿಲ್ಲ. ನೀನಾಗೇ ಬಂದೆ ಅಂದ್ಕೊಂಡೆ.

ಮುನಿಆಂಜಿನಪ್ಪ: ಕಳಿಸಿಲ್ವಾ? ಅಂಗಾದ್ರೆ ಕರೀದೆ ಬಂದಂಗಾಯ್ತಾ ನಾನು? ಪಿಳ್ಳೀ, ನಡಿ ಮನೆಗೆ.

ಮುನಿಕೃಷ್ಣಪ್ಪ: ನಡಿ, ನಡಿ. ಕರೆದ್ರೇ ಬರ್ದೋನು ನೀನು.

ಪಿಳ್ಳಮ್ಮನ ಒಂದು ಕಾಲು ಹೊಸಿಲಿನೊಳಗೆ, ಒಂದು ಹೊರಗೆ. ಅವಳು ಸೊಣ್ಣಮ್ಮನನ್ನು ನೋಡಿದಳು, ಆಮೇಲೆ ಬಕೆಟ್ಟನ್ನು ನೋಡಿದಳು. ಈಗ ಹೋದರೆ ಇನ್ನು ಮಾಳಿಗೆಯ ಮೇಲಿನ ಸೀರೆ ಪಂಚೆಗಳೂ ಮಾತು ಬಿಡುತ್ತವೆ ಎಂದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಸಂಯುಕ್ತಾ ಒಳಕೋಣೆಯಿಂದ ಗೊಂಬೆಯನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ಬಂದಳು.

ಸಂಯುಕ್ತಾ: ಚಿಕ್ ತಾತ, ಎಲ್ ಹೋಗ್ತಿದ್ಯ? ಇನ್ನೂ ಊಟ ಆಗಿಲ್ಲ.

ಮುನಿಕೃಷ್ಣಪ್ಪ: ಇವ್ರನ್ನ ಯಾಕೆ ಕರೆದೆ ನೀನು?

ಸಂಯುಕ್ತಾ: ನಾಮಕರಣ ಅಲ್ವಾ? ಜನ ಬೇಕು.

ಮುನಿಕೃಷ್ಣಪ್ಪ: ನಮಗೂ ಅವ್ರಿಗೂ ಮಾತಿಲ್ಲ, ಗೊತ್ತಿಲ್ವಾ ನಿಂಗೆ?

ಸಂಯುಕ್ತಾ: ಇದೆ ತಾತ. ನಾನು ಮಾತಾಡಿಸ್ದೆ, ಚಿಕ್ ತಾತ ಮಾತಾಡ್ತು. ಬಿಸ್ಕತ್ತೂ ಕೊಡ್ತು.

ಮುನಿಆಂಜಿನಪ್ಪ ಹೊಸಿಲಿನಲ್ಲೇ ನಿಂತ. ಆಮೇಲೆ ಟವೆಲು ಕೊಡವಿ ನೆಲಕ್ಕೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಮುನಿಆಂಜಿನಪ್ಪ: ನನ್ನ ಕರೆದಿರೋದು ಈ ಮಗು. ಕ್ರಮವಾಗಿ, ಕುಂಕುಮ ಇಟ್ಟು ಕರೆದೈತೆ. ನಿನ್ ಕರೆ ಯಾರಿಗ್ ಬೇಕು? ಉಂಡೇ ಓಗೋದು ನಾನು. ಅಂದಂಗೆ ಅಣ್ಣಾ, ನಿನ್ ಹಣೆ ಖಾಲಿ ಐತಲ್ಲ?

ಮುನಿಕೃಷ್ಣಪ್ಪ ಹಣೆ ಮುಟ್ಟಿ ನೋಡಿಕೊಂಡ. ಬೆರಳಿಗೆ ಏನೂ ಹತ್ತಲಿಲ್ಲ.

ಮುನಿಕೃಷ್ಣಪ್ಪ: ಸಂಯೂ... ತಾತನ್ನ ಕರೀಲಿಲ್ವಾ ನೀನು?

ಸಂಯುಕ್ತಾ: ಕರೆದ್ನಲ್ಲ. ಫೋನಲ್ಲಿ.

ಪಿಳ್ಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ತನ್ನ ಮಾತಿಗೆ ಸಾಕ್ಷಿ ಬೇಕೆಂದು ತಿಳಿದು, ಫೋನು ತಂದು ಪುಟ್ಟ ಬೆರಳಿನಿಂದ ಅಲ್ಲಿ ಒತ್ತಿ ಇಲ್ಲಿ ಎಳೆದು ರೆಕಾರ್ಡನ್ನು ನಡುವಿನಿಂದ ಹಾಕಿದಳು. ಮುನಿಕೃಷ್ಣಪ್ಪನದೇ ಗಂಟಲು ಪಡಸಾಲೆಯಲ್ಲಿ ಮೊಳಗಿತು: “ಕುಂಕುಮ ಇಡ್ದೆ ಕರೆದ್ರೆ ಅದು ಕರೆದಂಗೇ ಅಲ್ಲ!”

ಮುನಿಆಂಜಿನಪ್ಪ: ನಿನ್ ಬಾಯಲ್ಲೇ ಬಂತಲ್ಲಣ್ಣಾ. ಈಗ ನೀನು ನಾಮಕರಣಕ್ಕೆ ಬರೋ ಅಂಗಿಲ್ಲ.

ಮುನಿಕೃಷ್ಣಪ್ಪ: ಇದು ನನ್ ಮನೆ ಕಣೋ!

ಮುನಿಆಂಜಿನಪ್ಪ: ಮನೆ ನಿಂದು. ನಾಮಕರಣ ಅವಳ್ದು.

ಮುಖ್ಯ ಅತಿಥಿ ಇಸ್ತ್ರಿ ಶರಟು ಸುಕ್ಕಾಗುವುದನ್ನೂ ಲೆಕ್ಕಿಸದೆ ಮೊಮ್ಮಗಳ ಮುಂದೆ ಮಂಡಿಯೂರಿ ಹಣೆ ಒಡ್ಡಿದ.

ಮುನಿಕೃಷ್ಣಪ್ಪ: ನಂಗೂ ಒಸಿ ಕುಂಕುಮ ಇಡು ಚಿನ್ನ.

ಸಂಯುಕ್ತಾ: (ಭರಣಿ ಬೋರಲು ಹಾಕಿ ತೋರಿಸಿ) ಖಾಲಿ. ಸ್ಕೂಟ್ರಿಗೆ ಇಟ್ನಲ್ಲ. ಪರ್ವಾಗಿಲ್ಲ ಬಾ ತಾತ. ಸುಮ್ನೆ ಬಾ.

ಮುನಿಕೃಷ್ಣಪ್ಪ ತಮ್ಮನನ್ನು ನೋಡಿದ. ತಮ್ಮ ಗೋಡೆಯ ಕ್ಯಾಲೆಂಡರು ನೋಡಿದ. ಮಂಡಿಯೂರಿದ್ದವನು ಏಳಲು ಹೋಗಿ, ಏಳದೆ, ತಮ್ಮನ ಪಕ್ಕಕ್ಕೇ ಜರುಗಿ ಕೂತ.

ಮುನಿಕೃಷ್ಣಪ್ಪ: ಏನ್ ಹೆಸರಿಟ್ರಿ ನಿನ್ ಮೊಮ್ಮಗಂಗೆ?

ಮುನಿಆಂಜಿನಪ್ಪ: ಬಂದಿದ್ರೆ ಗೊತ್ತಾಗಿರೋದು.

ಸೊಣ್ಣಮ್ಮ: ಅಶ್ವತ್ಥ್ ಅಂತ. ಹಲ್ಲು ಬಂದೈತೆ.

ಮುನಿಕೃಷ್ಣಪ್ಪ: ನಿಂಗೆಂಗೆ... ಓ, ಬಟ್ಟೆ ಒಣಗಾಕುವಾಗ.

ಸಂಯುಕ್ತಾ: ಎಲ್ರೂ ಸುಮ್ನಿರಿ, ಹೆಸರಿಡ್ತೀನಿ. ಇವಳ ಹೆಸರು ಮುನಿ.

ಮುನಿಕೃಷ್ಣಪ್ಪ: ಯಾವ ಮುನಿ? ಮುನಿಕೃಷ್ಣಪ್ಪ ಅಂತ ತಾನೇ? ನಾನು ದೊಡ್ಡೋನು.

ಮುನಿಆಂಜಿನಪ್ಪ: ಅದೆಂಗಾಯ್ತದೆ? ಮೊದ್ಲು ಬಂದೋನು ನಾನು. ಅದು ಮುನಿಆಂಜಿನಪ್ಪ.

ಪಿಳ್ಳಮ್ಮ: ಜಡೆ ಐತೆ ಕಣ್ರೀ ಅದಕ್ಕೆ!

ಸೊಣ್ಣಮ್ಮ ಬಕೆಟ್ಟನ್ನು ದರದರ ಎಳೆದು ಅಣ್ಣತಮ್ಮಂದಿರ ನಡುವೆ ಇಟ್ಟಳು.

ಸೊಣ್ಣಮ್ಮ: ಕಿತ್ತಾಡೋದು ಬಾಯಲ್ಲಿ ಕಿತ್ತಾಡಿ, ಕೈ ಎರಡೂ ಖಾಲಿ ಅವೆ. ಇದುಕಿ. ಬಾರೇ ಪಿಳ್ಳಿ, ಮೊರ ಇತ್ತ ಎಳ್ಕೋ.

ಮುನಿಕೃಷ್ಣಪ್ಪ: ಲೇ, ಸಾಯಂಕಾಲ ಭಾಷಣ ಐತೆ ಕಣೇ. ಇನ್ನೂ ಅರ್ಧಾನೂ ಬಂದಿಲ್ಲ.

ಸೊಣ್ಣಮ್ಮ: ಫೋನಲ್ಲಿ ಐತಲ್ಲ, ಅದನ್ನೇ ಮೈಕಿಗೆ ಇಡಿದುಬುಡಿ. ಮಧ್ಯದಲ್ಲಿ ಮಗು ಊಟಕ್ಕೆ ಕರೆದೈತಲ್ಲ, ಜನ ಅಲ್ಲಿ ಚಪ್ಪಾಳೆ ತಟ್ತಾರೆ.

ಮುನಿಕೃಷ್ಣಪ್ಪ ಶರಟಿನ ತೋಳು ಮಡಿಚಿ ಒಂದು ಕಾಳು ಹಿಡಿದು ಒತ್ತಿದ. ಬೇಳೆ ಬೆರಳ ಸಂದಿಯಿಂದ ಚಿಮ್ಮಿ ತಮ್ಮನ ಮೂಗಿಗೆ ಬಡಿದು, ಕುಂಕುಮ ಹತ್ತಿಸಿಕೊಂಡು ತಟ್ಟೆಗೆ ಬಿತ್ತು.

“ಹಂಗಲ್ಲ ತಾತ, ಹಿಂಗೆ,” ಎಂದು ಸಂಯುಕ್ತಾ ಅವನ ಬೆರಳು ಹಿಡಿದು ತೋರಿಸಿದಳು.

ಅವನು ಇನ್ನೊಂದು ಕಾಳು ತೆಗೆದುಕೊಂಡ.