ವಿಶ್ವ ಚಾಂಪಿಯನ್ ಮೇಲೆ ನಾನು ಗಳಿಸಿದ ಪಾಯಿಂಟು

ನಾಚಿಕೆಪಡುವ ಪ್ರಸಂಗ ಬೇರೆಯವರಿಗೆ ಅಪರೂಪಕ್ಕೆ ಬರುತ್ತದೆ. ನನಗೆ ಶನಿವಾರ ಶನಿವಾರ ಬರುತ್ತದೆ. ಅವತ್ತು ಸಿಂಗಪುರದ ಟ್ಯಾಂಪಿನೀಸ್‌ನಲ್ಲಿರುವ ನಮ್ಮ ಮನೆ ಹತ್ತಿರದ ಕ್ಲಬ್ಬಿನಲ್ಲಿ ಟೇಬಲ್ ಟೆನ್ನಿಸ್ ಕ್ಲಾಸು. ಕಲಿಯುವುದು ನನ್ನ ಮಗಳು, ಮಾನ ಕಳೆದುಕೊಳ್ಳುವುದು ನಾನು. ಕಲಿಸುವವರು ಒಂದು ಕಾಲಕ್ಕೆ ಚೀನಾದ ಪರ ಆಡಿ ವಿಶ್ವ ಚಾಂಪಿಯನ್ ಆಗಿದ್ದ ಹೆಂಗಸು. ಎಲ್ಲರಂತೆ ನಾನೂ ಅವರನ್ನು ಕೋಚ್ ಎನ್ನುತ್ತೇನೆ.

ಎತ್ತಿದ ಕೈ

ಮೊದಲ ಕ್ಲಾಸಿನಲ್ಲೇ ಕೋಚ್ ನನ್ನನ್ನೂ ಆಡಲು ಕರೆದರು. ಈಗ ಬ್ಯಾಂಕಿನಲ್ಲಿ ಕೂತು ಹೊಟ್ಟೆ ಬೆಳೆಸಿದ್ದರೂ ಮೈಸೂರಿನ ಕಾಲೇಜಿನಲ್ಲಿ ನಾನು ಸೆಮಿಫೈನಲ್ ತನಕ ಹೋದವನು. ಎದೆಯುಬ್ಬಿಸಿ ನಿಂತೆ. ಅವರು ಹೊಡೆದ ಚೆಂಡು ನೆಟ್ಟಿಗೆ ತಗುಲಿ ನನ್ನ ಕಡೆ ಬಿತ್ತು. ತಕ್ಷಣ ಅವರು ಅಂಗೈ ತೋರಿಸಿ ಕೈ ಎತ್ತಿದರು.

ದೊಡ್ಡವರು ಹಾಗೆ ಕೈ ಎತ್ತಿದರೆ ನಮ್ಮಲ್ಲಿ ಮಾಡುವುದು ಒಂದೇ. ಬ್ಯಾಟನ್ನು ಕಂಕುಳಲ್ಲಿಟ್ಟು ಕೈಮುಗಿದು ತಲೆ ಬಾಗಿಸಿದೆ. ಕೋಚ್ ಗಾಬರಿಯಾಗಿ ತಾವೂ ಬಾಗಿದರು. ಅವರು ಬಾಗಿದರೆಂದು ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಬಾಗಿದವು.

ಮಗಳು ಮಾತ್ರ ಬಾಗದೆ ಬಂದು, ಮಾತಿನ ಕೊನೆಗೆ ಸಿಂಗಪುರದವರ ‘ಲಾ’ ಸೇರಿಸಿ ಪಿಸುಗುಟ್ಟಿದಳು: “ಅಪ್ಪಾ, ನೆಟ್ ತಾಗಿ ಲಕ್ಕಿ ಪಾಯಿಂಟ್ ಬಂದ್ರೆ ಹಂಗೆ ಕೈ ಎತ್ತಿ ಸಾರಿ ಹೇಳ್ತಾರೆ. ಆಶೀರ್ವಾದ ಅಲ್ಲ ಲಾ!”

ಓದಿದ್ದೇನು?

ಒಂದು ಭಾನುವಾರ ಕೋಚ್ ನಮ್ಮ ಮನೆಗೆ ಊಟಕ್ಕೆ ಬಂದರು. ಯಿಶುನ್ ಬಡಾವಣೆಯಲ್ಲಿರುವ ನಮ್ಮ ಪ್ರೊಫೆಸರ್ ಮಿತ್ರನೂ ಬಂದಿದ್ದ. ಬಿಸಿಬೇಳೆಬಾತ್ ತಿಂದು ಬೆವರು ಒರೆಸಿಕೊಳ್ಳುತ್ತಾ ಕೋಚ್ ತಮ್ಮ ಕಥೆ ಹೇಳಿದರು: ಐದನೇ ವಯಸ್ಸಿಗೇ ಬ್ಯಾಟು ಹಿಡಿದದ್ದು, ಕ್ರೀಡಾ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದದ್ದು, ಅಮ್ಮನ ಮುಖ ವರ್ಷಕ್ಕೊಮ್ಮೆ ನೋಡುತ್ತಿದ್ದದ್ದು, ಮೊಣಕಾಲು ಕೈಕೊಟ್ಟ ಮೇಲೆ ಸಿಂಗಪುರಕ್ಕೆ ಬಂದದ್ದು. ನನ್ನ ಹೆಂಡತಿಯ ಕಣ್ಣು ಒದ್ದೆಯಾಯಿತು.

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದ: “ಆಟ ಎಲ್ಲಾ ಸರಿ ಮೇಡಂ. ಓದಿದ್ದು ಏನು?”

“ಓದಲಿಲ್ಲ. ವರ್ಲ್ಡ್ ಚಾಂಪಿಯನ್ ಆದೆ.”

“ಅದಾದ ಮೇಲೆ ಮುಂದೆ ಏನಾದ್ರೂ ಮಾಡಬಹುದಿತ್ತಲ್ಲ?”

“ಮಾಡಿದೆನಲ್ಲ,” ಎಂದರು ಕೋಚ್. “ಮತ್ತೆ ವರ್ಲ್ಡ್ ಚಾಂಪಿಯನ್ ಆದೆ.”

ಪ್ರೊಫೆಸರ್ ಕೇಳಿರದಿದ್ದರೆ ಅದನ್ನು ನಾನೇ ಕೇಳುತ್ತಿದ್ದೆ.

ಆ ಪಾಯಿಂಟು

ವರ್ಷದ ಕೊನೆಯಲ್ಲಿ ಕೋಚ್ ಎಲ್ಲ ಅಪ್ಪ-ಅಮ್ಮಂದಿರ ಜೊತೆ ಒಂದೊಂದು ಗೇಮ್ ಆಡಿದರು. ಹನ್ನೊಂದು ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಮೊದಲು ಹೋದವನು ನಾನು. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು-ಸೊನ್ನೆ. ಮಗಳ ಮುಂದೆ ಸೊನ್ನೆ ಸುತ್ತಿಕೊಂಡು ಮನೆಗೆ ಹೋಗುವುದು ಹೇಗೆ ಎಂದು ನೆಪ ಹುಡುಕತೊಡಗಿದ್ದೆ. ಆಗ ಅವರ ಸರ್ವ್ ನೇರವಾಗಿ ನೆಟ್ಟಿಗೆ ಹೋಗಿ ಪಾಯಿಂಟು ನನಗೆ ಬಂತು!

ನಾನು ಕಿರುಚಿದೆ. ಟೇಬಲ್ಲಿಗೆ ಒಂದು ಸುತ್ತು ಹಾಕಿದೆ. ಮುಂದಿನ ಪಾಯಿಂಟು ಸೋತದ್ದು ನೆನಪೇ ಇಲ್ಲ. ಮೈಸೂರಿಗೆ ಫೋನ್ ಮಾಡಲು ಹೊರಗೆ ಓಡಿದೆ. ಆಮೇಲೆ ಯಾರ ಮನೆಗೆ ಹೋದರೂ, “ಸಾರ್, ಆ ಪಾಯಿಂಟಿನ ಕಥೆ ಹೇಳಿ,” ಎನ್ನತೊಡಗಿದರು. ನಾನೂ ಎದ್ದು ನಿಂತು, “ನನ್ನ ನಿಲುವು ನೋಡಿಯೇ ಅವರಿಗೆ ಪ್ರೆಶರ್ ಆಯ್ತು,” ಎಂದು ನಿಲುವು ಸಮೇತ ತೋರಿಸುತ್ತಿದ್ದೆ.

ಮಗಳ ಮ್ಯಾಚು

ಮೊನ್ನೆ ಮಗಳಿಗೆ ಶಾಲೆಯ ಮ್ಯಾಚು. ಎದುರಿಗೆ ಪುಟ್ಟ ಹುಡುಗಿ. ಹತ್ತು-ಸೊನ್ನೆ ಆದಾಗ ನಮ್ಮವಳು ಸರ್ವನ್ನು ಬೇಕೆಂದೇ ನೆಟ್ಟಿಗೆ ಹೊಡೆದಳು. ಗೇಮ್ ಮುಗಿದದ್ದೇ ತಡ, ಎಲ್ಲರೆದುರು ಗದರಿಸಿದೆ: “ಕೈಲಿದ್ದ ಪಾಯಿಂಟ್ ಯಾಕೆ ಬಿಸಾಕಿದೆ?”

“ಹತ್ತು-ಸೊನ್ನೆ ಆದ್ರೆ ಒಂದು ಕೊಡ್ಬೇಕು ಅಪ್ಪಾ. ಯಾರನ್ನೂ ಸೊನ್ನೆಲಿ ಕಳಿಸ್ಬಾರ್ದು. ಕೋಚ್ ಹೇಳ್ಕೊಟ್ಟಿದ್ದಾರೆ.”

ನನ್ನ ಕಿವಿ ಬಿಸಿಯಾಯಿತು. “ಹಾಗಾದ್ರೆ ನನ್ನ ಪಾಯಿಂಟು?”

“ಅವತ್ತು ಎಲ್ಲಾ ಪೇರೆಂಟ್ಸ್‌ಗೂ ಒಂದೊಂದು ಕೊಟ್ರು. ಅವರೆಲ್ಲ ಥ್ಯಾಂಕ್ಯೂ ಅಂದ್ರು. ನೀನೊಬ್ಬನೇ ಹೊರಗೆ ಓಡಿದ್ದು.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. “ಅಮ್ಮಂಗೆ ಹೇಳಬೇಡ,” ಎಂದೆ.

“ಅಮ್ಮಂಗೆ ಅವತ್ತೇ ಗೊತ್ತು. ಪ್ರೊಫೆಸರ್ ಅಂಕಲ್‌ಗೂ ಗೊತ್ತು. ಎಲ್ಲಾರ್ಗೂ ಗೊತ್ತು,” ಎಂದು ಮಗಳು ಕನಿಕರದಿಂದ ನನ್ನ ಬೆನ್ನು ಸವರಿದಳು. “ಇಲ್ದಿದ್ರೆ ಹೋದಲ್ಲೆಲ್ಲ ನಿನ್ ಹತ್ರ ಆ ಕಥೆ ಯಾಕೆ ಹೇಳಿಸ್ತಾರೆ ಅಂದ್ಕೊಂಡಿದ್ದೆ?”