ಹನ್ನೆರಡನೇ ಟ್ಯಾಂಕು ದಳದ ರಜೆ ಅರ್ಜಿ

ಹನ್ನೆರಡನೇ ಟ್ಯಾಂಕು ದಳವು ಪೂರ್ಣ ಬಲದಿಂದ ಗಡಿ ಕಾಯುತ್ತಿದೆ ಎಂದು ರಕ್ಷಣಾ ಇಲಾಖೆ ಪ್ರಕಟಣೆ ಹೊರಡಿಸಿದ ದಿನ ಆ ದಳದಲ್ಲಿ ಇದ್ದದ್ದು ಒಂದು ಟ್ಯಾಂಕು, ಒಬ್ಬ ಡ್ರೈವರ್. ಪ್ರಕಟಣೆಯಲ್ಲಿ ಸುಳ್ಳೇನೂ ಇರಲಿಲ್ಲ. ಪೂರ್ಣ ಬಲ ಅಂದರೆ ಎಷ್ಟು ಎಂಬುದನ್ನು ಪ್ರತಿ ವರ್ಷ ಬಜೆಟ್ ಬಂದ ಮೇಲೆಯೇ ತೀರ್ಮಾನಿಸುವ ಪದ್ಧತಿಯಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಯೋಜನಾ ಶಾಖೆಯವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಹಾಸಿಗೆಯಾಚೆ ಉಳಿದ ಕಾಲನ್ನು ಕತ್ತರಿಸಿ, ಅದಕ್ಕೆ ಹೊಸ ಯುದ್ಧತಂತ್ರ ಎಂದು ಹೆಸರಿಡುತ್ತಿದ್ದರು. ಮೊದಲ ವರ್ಷ ಮುಂದಿನ ಯುದ್ಧ ಬೆಟ್ಟದಲ್ಲಿ ಎಂದು ಕಂಡುಬಂತು. ಗನ್ನರ್ ಬೆಟ್ಟಕ್ಕೆ ಹೋದ. ಮರುವರ್ಷ ಸಮುದ್ರದಲ್ಲಿ ಎಂದು ಕಂಡುಬಂತು; ವೈರ್‌ಲೆಸ್‌ನವನು ಟ್ಯಾಂಕಿನ ಎಂಜಿನ್ ಸಮೇತ ದೋಣಿ ಹತ್ತಿದ. ಮೂರನೇ ವರ್ಷ ಯುದ್ಧವೆಲ್ಲ ಕಾಗದದ ಮೇಲೇ ಎಂದು ಕಂಡುಬಂದು, ಕಮಾಂಡರ್ ಸಾಹೇಬರನ್ನು ಕೇಂದ್ರ ಕಚೇರಿಗೆ ಕರೆಸಿಕೊಂಡರು. ಆದರೆ ಮನುಷ್ಯನನ್ನು ತೆಗೆಯಬಹುದೇ ಹೊರತು ಹುದ್ದೆ ತೆಗೆಯುವಂತಿಲ್ಲ. ಹುದ್ದೆ ತೆಗೆದರೆ ಶತ್ರುವಿಗೆ ಗೊತ್ತಾಗುತ್ತದೆ. ಹಾಗಾಗಿ ಮೂರೂ ಹುದ್ದೆಗಳ ಹೆಚ್ಚುವರಿ ಪ್ರಭಾರ ಡ್ರೈವರನ ಹೆಗಲಿಗೆ ಬಿತ್ತು. ಗೋಡೆಯ ಮೊಳೆಗಳಲ್ಲಿ ನಾಲ್ಕು ಟೋಪಿ. ಯಾವ ಕೆಲಸವೋ ಆ ಟೋಪಿ.

ಹೀಗಿರಲಾಗಿ ಡ್ರೈವರನ ಮಗಳ ಮದುವೆ ಬುಧವಾರಕ್ಕೆ ನಿಶ್ಚಯವಾಯಿತು. ಒಬ್ಬಳೇ ಮಗಳು. ಅಪ್ಪ ಬರುವವರೆಗೂ ಕೋಣೆಯಿಂದ ಹೊರಗೇ ಬರುವುದಿಲ್ಲ ಎಂದು ಹೇಳಿಕಳಿಸಿದ್ದಳು. ಇವನು ಡ್ರೈವರ್ ಟೋಪಿ ಹಾಕಿಕೊಂಡು ನಾಲ್ಕು ದಿನದ ರಜೆಗೆ ಅರ್ಜಿ ಬರೆದ. ಕಮಾಂಡರ್ ಟೋಪಿ ಹಾಕಿಕೊಂಡು ಓದಿದ. ಸಿಬ್ಬಂದಿಯ ಮುಕ್ಕಾಲು ಪಾಲು ಹಾಜರಿದ್ದರೆ ಉಳಿದವರಿಗೆ ರಜೆ ಕೊಡಬಹುದೆಂದು ನಿಯಮ. ಗನ್ನರ್, ವೈರ್‌ಲೆಸ್, ಕಮಾಂಡರ್ ಮೂವರೂ ಹಾಜರಿದ್ದರು. ರಜೆ ಮಂಜೂರಾಯಿತು.

ಹೆಂಡತಿಗೆ ಫೋನ್ ಮಾಡಿದ.

"ರಜೆ ಸಿಕ್ತು ಕಣೇ. ಆದ್ರೆ ಬರೋಕಾಗಲ್ಲ."

"ಅದೇನ್ರೀ ಹಂಗಂದ್ರೆ?"

"ರಜೆ ಸಿಕ್ಕಿರೋದು ಡ್ರೈವರ್‌ಗೆ. ಕಮಾಂಡರ್ ಇಲ್ಲೇ ಇರಬೇಕು."

"ಯಾರ್ರೀ ಆ ಹಾಳು ಕಮಾಂಡರು? ಅವನಿಗೇನು ಹೆಂಡ್ತಿ ಇಲ್ವಾ?"

"ಇದ್ದಾಳೆ. ಅವಳ ಜೊತೆನೇ ಮಾತಾಡ್ತಿದೀನಿ."

ಆ ಕಡೆಯಿಂದ ಬಂದ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ದೇಶದ ಭದ್ರತೆಯ ಪ್ರಶ್ನೆ.

ಬೇರೆ ದಾರಿ ಕಾಣದೆ ಯೋಜನಾಧಿಕಾರಿಗೆ ಫೋನ್ ಹಚ್ಚಿದ. "ಸಾರ್, ನಾನು ಹನ್ನೆರಡನೇ ದಳದ ಡ್ರೈವರ್..."

"ಏನಯ್ಯಾ, ರಜೆ ಮೇಲಿರೋನು ಇಲಾಖೆ ಫೋನ್ ಮುಟ್ತೀಯಾ? ಇಡು ಕೆಳಗೆ!"

ಟೋಪಿ ಬದಲಿಸಿ ಮತ್ತೆ ಮಾಡಿದ. "ಕಮಾಂಡರ್ ಮಾತಾಡ್ತಿರೋದು."

"ಹೇಳಿ ಸಾಹೇಬ್ರೇ, ಊಟ ಆಯ್ತಾ?"

"ನಾವು ಉಳಿದ ಮೂವರೂ ನಾಲ್ಕು ದಿನ ಹೊರಗೆ ಹೋಗಬೇಕು. ಬದಲಿ ಜನ ಕಳಿಸಿ."

"ಜನಾನ ಎಲ್ಲಿಂದ ತರ್ಲಿ ಸಾಹೇಬ್ರೇ? ಹೊಸ ತಂತ್ರ ಓದಿಲ್ವಾ? ಹತ್ತಿರದಲ್ಲಿರೋ ತರಬೇತಾದ ಸೈನಿಕನಿಗೆ ಪ್ರಭಾರ ಕೊಟ್ಟು ಹೋಗಿ. ಯಾವ ದಳದೋನಾದ್ರೂ ಪರವಾಗಿಲ್ಲ."

ಹತ್ತಿರದಲ್ಲಿದ್ದ ತರಬೇತಾದ ಸೈನಿಕ ಮುಳ್ಳುತಂತಿಯ ಆಚೆಗಿದ್ದ. ಶತ್ರುದೇಶದವನು. ಅವರಲ್ಲೂ ಕೈ ಬಿಗಿ, ಅವನೂ ಒಬ್ಬನೇ. ವರ್ಷಗಳಿಂದ ಇಬ್ಬರೂ ಬೆಂಕಿಪೊಟ್ಟಣ, ಬೈಗುಳ ಎರಡನ್ನೂ ತಂತಿಯ ಮೇಲಿಂದ ಎಸೆದಾಡಿಕೊಂಡು ಬಂದಿದ್ದರು.

"ಮಗಳ ಮದುವೆ ಅಂದ್ರೆ ಸುಮ್ನೇನಾ ಅಣ್ಣಾ? ಹೋಗಿ ಬಾ. ಎರಡೂ ಕಡೆ ನಾನು ನೋಡ್ಕೋತೀನಿ," ಅಂದ ಆಚೆಯವನು.

"ಟ್ಯಾಂಕ್ ಓಡಿಸೋಕೆ ಬರುತ್ತಾ?"

"ಎಂಜಿನ್ ಇಲ್ಲದ್ದನ್ನ ಓಡಿಸೋಕೆ ನಮ್ಮಜ್ಜಿಗೂ ಬರುತ್ತೆ."

ಟೋಪಿಗಳನ್ನು ಒಪ್ಪಿಸಿ, ರುಜು ಹಾಕಿಸಿಕೊಂಡು, ಡ್ರೈವರ್ ಬಿದ್ದೆನೋ ಎದ್ದೆನೋ ಎಂದು ಓಡಿದ. ಮಗಳು ಕೋಣೆಯಿಂದ ಹೊರಗೆ ಬಂದಳು. ಮದುವೆ ಸಾಂಗವಾಗಿ ನಡೆಯಿತು.

ಇತ್ತ ಆಚೆಯವನು ನಿಷ್ಠಾವಂತ. ಬೆಳಿಗ್ಗೆ ಈಚೆ ನಿಂತು ಆಚೆಯವರ ಮೇಲೆ ಕಣ್ಣಿಟ್ಟ. ಮಧ್ಯಾಹ್ನ ಆಚೆ ನಿಂತು ಈಚೆಯವರ ಮೇಲೆ. ಎರಡೂ ಕೇಂದ್ರ ಕಚೇರಿಗಳಿಗೆ ಒಂದೇ ವರದಿ ಕಳಿಸಿದ: "ಶತ್ರು ಏನು ಮಾಡಲಿದ್ದಾನೆ ಎಂಬುದು ನನಗೆ ಮೊದಲೇ ತಿಳಿಯುತ್ತಿದೆ." ಇಷ್ಟು ಖಚಿತವಾದ ಗುಪ್ತ ಮಾಹಿತಿ ಎರಡೂ ದೇಶಗಳ ಚರಿತ್ರೆಯಲ್ಲೇ ಬಂದಿರಲಿಲ್ಲ.

ತಿಂಗಳೊಳಗೆ ಎರಡೂ ಸರ್ಕಾರಗಳ ಆದೇಶ ಹೊರಬಿತ್ತು: "ಗಡಿಯ ಎರಡೂ ಬದಿಗಳನ್ನು ಇನ್ನು ಮುಂದೆ ಒಬ್ಬನೇ ಕಾಯತಕ್ಕದ್ದು, ಆರು ತಿಂಗಳು ಇವನು, ಆರು ತಿಂಗಳು ಅವನು. ಯುದ್ಧ ಸಂಭವಿಸಿದಲ್ಲಿ ಕರ್ತವ್ಯದಲ್ಲಿರುವವನು ಎರಡೂ ಪಕ್ಷಗಳಿಂದ ಸಮಾನ ಶೌರ್ಯ ತೋರತಕ್ಕದ್ದು. ಸೋತ ಪಕ್ಷದಿಂದ ಲಿಖಿತ ವಿವರಣೆ ಪಡೆಯಲಾಗುವುದು." ಎರಡೂ ಸಂಸತ್ತುಗಳು ಮೇಜು ಕುಟ್ಟಿ ಒಪ್ಪಿದವು. ಎರಡೂ ದಳಗಳು ಪೂರ್ಣ ಬಲದಲ್ಲಿವೆ ಎಂಬ ಪ್ರಕಟಣೆಯೂ ಬಂತು.

"ಹಂಗಾದ್ರೆ ಆರು ತಿಂಗಳು ಮನೇಲೇ ಇರ್ತೀರಾ?" ಹೆಂಡತಿ ಕೇಳಿದಳು.

"ಅಲ್ಲಿ ಅವನಿದ್ದಾನಲ್ಲ."

"ಒಳ್ಳೇ ಮನುಷ್ಯ ಕಣ್ರೀ. ಮದುವೆಗೆ ಕರೀಬಾರದಿತ್ತಾ?"

"ಕರೆದಿದ್ದೆ ಕಣೇ. ಅವನೂ ಬಂದ್ಬಿಟ್ರೆ ಯುದ್ಧ ಬಂದಾಗ ನೋಡ್ಕೊಳ್ಳೋರು ಯಾರು?"

"ಅದೂ ಸರಿ," ಅಂದಳು ಹೆಂಡತಿ.