ಮೂರು ಸಾವಿರ ಅಡಿ ಮೇಲಿನ ಸಾಕ್ಷಿ

"ಬುಧವಾರದೊಳಗ ಲೈಸೆನ್ಸ್ ಚಾಲ್ತಿ ಮಾಡಿಸ್ಕೊಂಡು ಬರ್ತೀನಿ. ಇಲ್ಲಂದ್ರ ಈ ಮೀಸಿ ಬೋಳಿಸ್ತೀನಿ!" ಎಂದು ಸಿದ್ದಲಿಂಗೇಶ್ ಹೊಸಪೇಟೆಯ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಗುಡುಗಿದ. ಕೇಳಲು ಇದ್ದದ್ದು ಹೆಂಡತಿ ಶಾಂಭವಿ, ಮತ್ತು ಅವಳ ಮುಂದಿನ ಮೊರದಲ್ಲಿದ್ದ ಮೆಂತ್ಯ ಸೊಪ್ಪು.

"ಮೀಸಿ ಯಾಕ್ರಿ? ಪಾಪ, ಅದೇನ್ ಮಾಡೇತಿ?" ಎಂದಳು ಅವಳು, ತಲೆ ಎತ್ತದೆ.

ಸಿದ್ದಲಿಂಗೇಶನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿದ ಮನೆತನ. ಅದಿರಿನ ಕಾಲ ಬಂದಾಗ ಆರು ಟಿಪ್ಪರ್ ಕೊಂಡು ಗಣಿಗೆ ಬಿಟ್ಟ. ಕೈಗೆ ದುಡ್ಡು ಬಂದವರಲ್ಲಿ ಕೆಲವರು ಬಂಗಲೆ ಕಟ್ಟಿದರು, ಕೆಲವರು ಕುದುರೆ ಸಾಕಿದರು. ಇವನು ಬೆಂಗಳೂರಿಗೆ ಹೋಗಿ ಸಣ್ಣ ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದ. ವಿಮಾನ ಕ್ಲಬ್ಬಿನ ಬಾಡಿಗೆಯದು, ಜಂಬ ಮಾತ್ರ ಸ್ವಂತದ್ದು! ಆದರೆ ಆ ಲೈಸೆನ್ಸ್ ಹಾಲು ಕೊಡುವ ಎಮ್ಮೆ ಇದ್ದ ಹಾಗೆ. ಕಟ್ಟಿಹಾಕಿದರೆ ಸಾಲದು, ನೋಡಿಕೊಳ್ಳುತ್ತಲೇ ಇರಬೇಕು. ಇಂತಿಷ್ಟು ಗಂಟೆ ಹಾರಬೇಕು, ಎರಡು ವರ್ಷಕ್ಕೊಮ್ಮೆ ಮೈಯನ್ನು ಡಾಕ್ಟರ ಮುಂದೆ ಒಡ್ಡಬೇಕು.

ಇವನ ಎಮ್ಮೆ ಬತ್ತಿದ ಸಂಗತಿ ಬಯಲಾದದ್ದು ಸಂಡೂರಿನಲ್ಲಿ, ತುಂಬಿದ ಸಭೆಯಲ್ಲಿ. ಗಣಿ ವಿಸ್ತರಣೆಗೆ ಜನರ ಅಹವಾಲು ಕೇಳುವ ಸಭೆ ಅದು. ಗಣಿ ಮಾಲೀಕ ಇವನ ಹೆಗಲ ಮೇಲೆ ಕೈ ಹಾಕಿ, "ಮ್ಯಾಲಿಂದ ನೋಡಿದಾವ ಊರಾಗ ನೀ ಒಬ್ಬನ. ನಾಕು ಮಾತು ಹೇಳು. ಗಣಿ ಬೆಳೀತಂದ್ರ ನಿನ್ನ ಟಿಪ್ಪರ್ ಆರು ಹೋಗಿ ಹನ್ನೆರಡಾಗ್ತಾವ" ಎಂದಿದ್ದ.

ಸಿದ್ದಲಿಂಗೇಶ್ ಎದ್ದು ಎದೆಯುಬ್ಬಿಸಿ ಹೇಳಿದ: "ಮೂರು ಸಾವಿರ ಅಡಿ ಎತ್ತರದಿಂದ ಕಣ್ಣಾರೆ ಕಂಡೀನಿ. ಗುಡ್ಡ ಹಚ್ಚಗ ಗಿಣಿ ಇದ್ದಂಗ ಐತಿ! ಗಣಿ ಅಗದಲ್ಲಿ ಮೆಟ್ಲಾ ಬಿದ್ದಾವ ಖರೆ, ಹಂಪಿ ಪುಷ್ಕರಣಿ ಇದ್ದಂಗ ಚಂದ ಕಾಣ್ತಾವ."

ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನೇ ಹೇಳಿದ. ಮೇಲಿಂದ ನೋಡಿದವನ ಮಾತಿಗೆ ಎದುರಾಡುವುದು ಹೇಗೆಂದು ಜನ ಸುಮ್ಮನಾದರು.

ಸುಮ್ಮನಾಗದವಳು ಅಕ್ಕನಾಗಮ್ಮ ಒಬ್ಬಳೇ. ಶಾಂಭವಿಯ ದೊಡ್ಡವ್ವ. ಅದೇ ಗುಡ್ಡದ ಕೆಳಗೆ ಅವಳ ನಾಲ್ಕೆಕರೆ ಜೋಳದ ಹೊಲ. ಜೋಳ ತೆನೆ ಬಿಡುವ ಮೊದಲೇ ಅದಿರಿನ ಧೂಳು ಹೊದ್ದು ಮಲಗುತ್ತಿತ್ತು.

"ನಮ್ಮೂರಾಗ ಲಾರಿ ಒಂದು ಕುರಿಗೆ ಗುದ್ದಿದ್ರ ಪೊಲೀಸ್ರು ಮೊದ್ಲು ಲೈಸೆನ್ಸ್ ಕೇಳ್ತಾರ. ಅಳಿಯಂದ್ರ, ನಿಮ್ದೂ ತೋರಿಸ್ರಿ ನೋಡೂನು" ಎಂದಳು.

ಅಳಿಯ ಹೆಮ್ಮೆಯಿಂದ ತೆಗೆದುಕೊಟ್ಟ. ಸಭೆ ನಡೆಸುತ್ತಿದ್ದ ಅಧಿಕಾರಿ ಕಾಗದಗಳನ್ನು ತಿರುವಿದರು. "ವೈದ್ಯಕೀಯ ಪರೀಕ್ಷೆ ಅವಧಿ ಮುಗಿದು ಎರಡು ತಿಂಗಳಾಗಿದೆಯಲ್ರೀ!" ಸಭೆ ಗೊಳ್ಳೆಂದಿತು. ಚಾಲ್ತಿ ಲೈಸೆನ್ಸ್ ಇಲ್ಲದವರನ್ನು ವಿಮಾನ ಚಾಲಕ ಎಂದು ಬರೆದುಕೊಳ್ಳಲಾಗದು ಎಂದು ಹೇಳಿ, ಅಧಿಕಾರಿ ಸಭೆಯನ್ನು ಮುಂದಿನ ಬುಧವಾರಕ್ಕೆ ಹಾಕಿದರು. ಮೀಸೆಯ ಶಪಥ ಹುಟ್ಟಿದ್ದು ಅಂದು ಸಂಜೆ.

ಶುರುವಾಯಿತು ತಪಸ್ಸು! ರಕ್ತದೊತ್ತಡ ಇಳಿಯಲೆಂದು ಉಪ್ಪು ಬಿಟ್ಟ. ಹೊಟ್ಟೆ ಇಳಿಯಲೆಂದು ಮಿರ್ಚಿ ಬಜ್ಜಿ ಬಿಟ್ಟ. ಬೆಳಗಾದರೆ ತುಂಗಭದ್ರಾ ಡ್ಯಾಂ ಕಡೆ ಓಡಿದ. ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಜಪ: "ಹನ್ನೆರಡು, ಎಂಟು, ಆರು, ಇಪ್ಪತ್ತೊಂಬತ್ತು…"

"ಯಾವ ಮಂತ್ರರೀ ಇದು?"

"ಡಾಕ್ಟ್ರ ಹತ್ರ ಚುಕ್ಕಿ ಪುಸ್ತಕ ಇರ್ತೇತಿ. ಪುಟಪುಟದಾಗೂ ಚುಕ್ಕಿಯೊಳಗ ಅಡಗಿದ್ದ ನಂಬರ್ ಹೇಳ್ಬೇಕು. ಕ್ಲಬ್ಬಿನ ಮುರುಗೇಶ್ ಹೋದ ಸಲ ಬರ್ದು ಕೊಟ್ಟಿದ್ದ. ಎಲ್ರೂ ಹಿಂಗ ಬಾಯಿಪಾಠ ಮಾಡ್ತಾರ."

ಎಲ್ಲರೂ ಮಾಡುತ್ತಾರೆಂದೇ ಅವನು ನಂಬಿದ್ದ.

ಸೋಮವಾರ ಗಂಡಹೆಂಡತಿ ಕಾರಿನಲ್ಲಿ ಬೆಂಗಳೂರಿಗೆ ಹೋದರು. ಪರೀಕ್ಷೆಗೆ ಸಿಕ್ಕ ಡಾಕ್ಟರ್ ಶ್ರೀಪ್ರಿಯಾ, ಹೊಸಪೇಟೆಯವರೇ! ಸಿದ್ದಲಿಂಗೇಶನಿಗೆ ಅರ್ಧ ಲೈಸೆನ್ಸ್ ಕೈಗೆ ಬಂದಂತಾಯಿತು. ರಕ್ತದೊತ್ತಡ ಪಾಸ್. ಕಿವಿ ಪಾಸ್. ಹೊಟ್ಟೆಯೂ ಉಸಿರು ಬಿಗಿಹಿಡಿದು ಪಾಸ್. ಕೊನೆಗೆ ಚುಕ್ಕಿ ಪುಸ್ತಕ ತೆರೆಯಿತು.

"ಹನ್ನೆರಡು!" ಎಂದ. ಪುಟ ತಿರುಗಿತು. "ಎಂಟು!" ಮತ್ತೊಂದು. "ಆರು!"

ಡಾಕ್ಟರ್ ಕನ್ನಡಕ ಇಳಿಸಿದರು. "ಭಾಳ ಚಲೋ ಹೇಳಿದ್ರಿ. ಆದ್ರ ನಾನು ಪುಸ್ತಕ ಹಿಂದಿನಿಂದ ತೆಗೀಲಿಕ್ಕತ್ತೀನ್ರಿ."

ಆಮೇಲೆ ತೋರಿಸಿದ ಪುಟಗಳಲ್ಲಿ ಅವನಿಗೆ ಕಂಡದ್ದು ಚೆಲ್ಲಿದ ಬೇಳೆಕಾಳು ಮಾತ್ರ. "ನಿಮ್ಮ ಕಣ್ಣಿಗೆ ಕೆಂಪು ಹಸಿರು ಎರಡೂ ಒಂದೇ. ಹುಟ್ಟಿನಿಂದ ಬಂದದ್ದು. ಇಷ್ಟು ವರ್ಷ ಮನಿಯಾಗ ಯಾರಿಗೂ ಗೊತ್ತಾಗ್ಲಿಲ್ಲೇನು?"

ಶಾಂಭವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ. "ಇಪ್ಪತ್ತೊಂದು ವರ್ಷದಿಂದ ಹಣ್ಣು ಟಮಾಟಿ ತರ್ರಿ ಅಂದ್ರ ಕಾಯಿ ತರ್ತಾರ್ರೀ ಮೇಡಂ! ನಾ ಇದು ಜಿಪುಣತನ ಅಂತ ತಿಳ್ಕೊಂಡಿದ್ದೆ…"

ತಟ್ಟನೆ ಅವಳ ನಗು ನಿಂತಿತು. ಗಂಡನ ಕಡೆ ತಿರುಗಿದಳು.

"ಹಂಗಾದ್ರ ಆ ಗುಡ್ಡ?"



ಮರುದಿನ ವಾಪಸು ಬರುವಾಗ ಸಿದ್ದಲಿಂಗೇಶ್ ಕಾರನ್ನು ಸಂಡೂರಿನ ದಾರಿಗೆ ತಿರುಗಿಸಿದ. ಗುಡ್ಡ ಕಾಣುವಲ್ಲಿ ಗಾಡಿ ನಿಲ್ಲಿಸಿದ. ಎದುರಿಗೆ ಟಿಪ್ಪರುಗಳ ಸಾಲು. ಅದರಲ್ಲಿ ಇವನದೂ ಎರಡು.

"ಆ ಗುಡ್ಡ ಯಾವ ಬಣ್ಣ?"

"ಕೆಂಪು. ಚರ್ಮ ಸುಲಿದಂಗ ಐತಿ."

"ಅದರ ಕೆಳಗಿನ ಜಾಲಿಗಿಡ?"

"ಕೆಂಪು."

"ಗಿಡದ ಎಲಿ ಕೇಳ್ದೆ."

"ಎಲೀನ ಹೇಳಿದೆ."

"ದೊಡ್ಡವ್ವನ ಜೋಳ?"

ಶಾಂಭವಿ ಕಿಟಕಿಯ ಗಾಜು ಏರಿಸಿದಳು. "ಅಕಿನ್ನ ಕೇಳ್ರಿ. ನನ್ನ ಯಾಕ ಕೇಳ್ತೀರಿ?"

ಅವನು ಎಷ್ಟೋ ಹೊತ್ತು ನೋಡಿದ. ಅವನ ಕಣ್ಣಿಗೆ ಗುಡ್ಡ ಆಗಲೂ ಗಿಣಿಯ ಹಾಗೆಯೇ ಇತ್ತು.

ಬುಧವಾರ ಸಭೆಗೆ ಬಂದ ಮೀಸೆ ಇಲ್ಲದ ಮನುಷ್ಯನನ್ನು ಮೊದಲು ಯಾರೂ ಗುರುತಿಸಲಿಲ್ಲ. ಗುರುತಿಸಿದ ಗಣಿ ಮಾಲೀಕ ನಗುತ್ತಾ ಕುರ್ಚಿ ಎಳೆದುಕೊಟ್ಟ. ಸಿದ್ದಲಿಂಗೇಶ್ ಕೂರಲಿಲ್ಲ.

"ಸ್ವಾಮಿ, ಲೈಸೆನ್ಸ್ ಸಿಗಲಿಲ್ಲ. ನನಗ ಕೆಂಪು ಹಸಿರು ತಿಳಿಯಂಗಿಲ್ಲ ಅಂತ ಡಾಕ್ಟ್ರು ಬರ್ದು ಕೊಟ್ಟಾರ. ಹೋದ ವಾರ ನಾ ಹೇಳಿದ್ದು ಹೊಡೆದು ಹಾಕ್ರಿ."

ಮಾಲೀಕ ಅವನನ್ನು ನಡುದಾರಿಯಲ್ಲಿ ಕೆಟ್ಟು ನಿಂತ ಟಿಪ್ಪರನ್ನು ನೋಡುವಂತೆ ನೋಡಿದ. ಹನ್ನೆರಡು ಟಿಪ್ಪರಿನ ಆಸೆ ಹೋಯಿತು, ಇದ್ದ ಆರೂ ಗಣಿಯಿಂದ ಹೊರಗೆ ಬಿದ್ದವು ಎಂದು ಸಿದ್ದಲಿಂಗೇಶನಿಗೆ ಅಲ್ಲೇ ತಿಳಿಯಿತು. ಆದರೂ ಇಷ್ಟು ದೊಡ್ಡ ಸತ್ಯ ನುಡಿದದ್ದಕ್ಕೆ ಜನ ಒಂದು ಚಪ್ಪಾಳೆಯಾದರೂ ತಟ್ಟಿಯಾರು ಎಂದು ಕಾದ. ಯಾರೂ ತಟ್ಟಲಿಲ್ಲ.

ಅಕ್ಕನಾಗಮ್ಮ ಎದ್ದಳು. "ಕುಂದ್ರಿ ಅಳಿಯಂದ್ರ, ನಿಮಗ ಡಾಕ್ಟ್ರ ಚೀಟಿ ಐತಿ." ಆಮೇಲೆ ವೇದಿಕೆಯ ಮೇಲೆ ಕೂತ ಅಧಿಕಾರಿಗಳ ಸಾಲಿಗೆ ಬೆರಳು ಮಾಡಿದಳು. "ಇವ್ರು ದಿನಾ ಇದೇ ದಾರ್ಯಾಗ ಕಾರಿನ್ಯಾಗ ಓಡಾಡ್ತಾರ. ಇವ್ರಿಗೂ ಗುಡ್ಡ ಹಸಿರು ಕಾಣ್ತೇತಂತ. ಆ ಚುಕ್ಕಿ ಪುಸ್ತಕ ಇಲ್ಲಿಗೇ ತರಿಸ್ರಿ, ಹಿಂದಿನಿಂದ ತೆಗೀರಿ!"

ಸಭೆಯೇ ಎದ್ದು ನಕ್ಕಿತು. ಅಧಿಕಾರಿ ಮುಖ ಮೇಲೆತ್ತದೆ ಸಭೆ ಮುಗಿಯಿತೆಂದು ಕಾಗದಕ್ಕೆ ರುಜು ಹಾಕತೊಡಗಿದರು.

ಸಿದ್ದಲಿಂಗೇಶ್ ಬೋಳು ತುಟಿ ಸವರಿಕೊಳ್ಳುತ್ತಾ ಹೆಂಡತಿಯ ಕಿವಿಯ ಹತ್ತಿರ ಬಾಗಿದ. "ಆ ಶಾಯಿ ಯಾವ ಬಣ್ಣಲೇ?"

"ಹಸಿರು. ದೊಡ್ಡ ಸಾಹೇಬ್ರಲ್ಲೇನು, ಹಸಿರು ಶಾಯ್ಯಾಗನ ರುಜು ಹಾಕ್ತಾರ."

"ಖರೇನ ಹಸಿರೇನು?"

"ಖರೇನ. ಈ ತಾಲೂಕಿನ್ಯಾಗ ಉಳಿದಿರೋದು ಅದೊಂದ, ಕಣ್ಣು ತುಂಬ ನೋಡ್ಕೊಳ್ರಿ" ಎಂದಳು ಶಾಂಭವಿ.